ಗುರುಗಳ ಹೆಬ್ಬೆರಳು

ಗುರುಗಳು ಹಾಳೆ ತಿರುಗಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಆ ಹೊತ್ತಿನ ಊಟ ರುಚಿಸುತ್ತಿರಲಿಲ್ಲ. ಮೊದಲು ನಾಲಗೆ ಹೊರಗೆ ಬರುತ್ತಿತ್ತು, ಅಗಲವಾಗಿ, ಯಾವ ಆತುರವೂ ಇಲ್ಲದೆ. ಬಲಗೈ ಹೆಬ್ಬೆರಳು ಅದರ ಮೇಲೆ ಒತ್ತಿ, ಅರ್ಧ ಸುತ್ತು ಹೊರಳಿ, ಹೊಳೆಯುತ್ತ ಹೊರಟು ಹಾಳೆಯ ಮೂಲೆಯ ಮೇಲೆ ಕೂರುತ್ತಿತ್ತು. ಹಾಳೆ ತಿರುಗುತ್ತಿತ್ತು, ಮೂಲೆಯಲ್ಲಿ ಒದ್ದೆ ಗುರುತು ಉಳಿಯುತ್ತಿತ್ತು. ಅದೇ ಹಾಳೆಯನ್ನು ಅವರು ಎದುರಿಗಿದ್ದವರ ಕೈಗೆ ಕೊಡುತ್ತಿದ್ದರು, ಅದೂ ಬಹಳ ಪ್ರೀತಿಯಿಂದ.

ಆ ಪ್ರಯೋಗಾಲಯದಲ್ಲಿದ್ದವರೆಲ್ಲ ಓದಿ ಓದಿ ತಲೆ ನೆರೆತವರು. ಕಣ್ಣಿಗೆ ಕಾಣದ ಅನಿಲದ ಒಂದು ಕಣವನ್ನು ತೂಗಿ ಇದು ಇಂಥದ್ದು ಎಂದು ಹೇಳಬಲ್ಲವರು. ಆದರೆ ಬೆರಳು ನೆಕ್ಕಬೇಡಿ ಎಂದು ಆ ದೊಡ್ಡ ಮನುಷ್ಯರಿಗೆ ಹೇಳುವ ಎದೆ ಒಬ್ಬರಿಗೂ ಇರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅದರ ಬದಲು ಎಲ್ಲರೂ ತಪ್ಪಿಸಿಕೊಳ್ಳುವ ಉಪಾಯ ಕಲಿತಿದ್ದರು. ಒಬ್ಬ ಹಾಳೆಯನ್ನು ಕೆಳಗಿನ ತುದಿಯಲ್ಲಿ ಹಿಡಿಯುತ್ತಿದ್ದ. ಇನ್ನೊಬ್ಬ ಕೈಯಲ್ಲಿ ಸದಾ ಚಹಾದ ಲೋಟ ಇಟ್ಟುಕೊಂಡು ಮೇಜಿನ ಮೇಲಿರಲಿ ಸರ್ ಎನ್ನುತ್ತಿದ್ದ. ಬೆನ್ನ ಹಿಂದೆ ಮಾತ್ರ ಎಲ್ಲರೂ ಶೂರರೇ. ಅಲ್ಲಿ ಗುರುಗಳ ಹೆಸರು ಒದ್ದೆಬೆರಳು.

ಈ ಕಾಟ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಮೂಗಿನಕ್ಕನಿಗೆ. ಆಕೆಗೆ ಎಂಜಲೆಂದರೆ ಹುಟ್ಟಿನಿಂದಲೇ ಆಗದು. ಮದುವೆಯಾದ ಹೊಸತರಲ್ಲಿ ಗಂಡ ಅರ್ಧ ಕಚ್ಚಿದ ಹಣ್ಣನ್ನು ಪ್ರೀತಿ ಉಕ್ಕಿ ಮುಂದೆ ಹಿಡಿದಾಗ, ಕಚ್ಚಿದ ಭಾಗವನ್ನು ಚಾಕುವಿನಿಂದ ಕೊಯ್ದು ಅವನಿಗೇ ಕೊಟ್ಟು, ಉಳಿದದ್ದನ್ನು ತಿಂದ ಹೆಂಗಸು. ಆದರೂ ಇಷ್ಟು ವರ್ಷ ಗುರುಗಳ ಒದ್ದೆ ಹಾಳೆಗಳನ್ನು ತೆಗೆದುಕೊಂಡು ಸುಮ್ಮನಿದ್ದಳು. ಅದಕ್ಕೆ ಕಾರಣವಿತ್ತು. ಮಗು ಹುಟ್ಟಿದ ಮೇಲೆ ಕೆಲಕಾಲ ಮನೆಯಲ್ಲಿ ಕೂತು ಮತ್ತೆ ಕೆಲಸ ಹುಡುಕಿ ಹೊರಟಾಗ ಉಳಿದ ಕಡೆ ಬಾಗಿಲಲ್ಲೇ ಸಾಗಹಾಕಿದ್ದರು. ಇವರೊಬ್ಬರು, ಮೂಗು ಚುರುಕಾಗಿದೆಯಾ, ಹಾಗಾದರೆ ಬಾ, ಎಂದು ಕರೆದು ಕೂರಿಸಿದ್ದರು. ಉಪಕಾರದ ಭಾರ ಹೊತ್ತ ಬಾಯಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

ಮೂಗಿನಕ್ಕನ ಹೆಸರಿನಲ್ಲಿರುವ ಮೂಗು ಆಕೆಯ ಸ್ವಂತ ಮೂಗಲ್ಲ, ಧೂಮಕೇತುವಿನ ಬಳಿಗೆ ಹೋದ ನೌಕೆಯ ಮೂಗು. ಆರು ದೇಶಗಳು ಸೇರಿ ಆ ನೌಕೆಯನ್ನು ಕಟ್ಟಿದ್ದವು. ಒಂದು ದೇಶ ಎಂಜಿನ್ ಕೊಟ್ಟಿತು, ಒಂದು ಆಂಟೆನಾ, ಒಂದು ಕ್ಯಾಮೆರಾ, ಹೀಗೆ. ಈ ಪ್ರಯೋಗಾಲಯದ ಪಾಲಿಗೆ ಬಂದದ್ದು ಮೂಗು: ಒಂದು ಮುಚ್ಚಳವಿದ್ದ ಪೆಟ್ಟಿಗೆ. ಮುಚ್ಚಳ ತೆರೆದರೆ ಸುತ್ತಲ ಅನಿಲ ಒಳಗೆ ಹೋಗುತ್ತದೆ, ಅದರಲ್ಲಿ ಏನೇನಿದೆ ಎಂಬುದು ಏರಿಳಿಯುವ ಗೆರೆಗಳಾಗಿ ಭೂಮಿಗೆ ಬರುತ್ತದೆ. ಆ ಗೆರೆಗಳನ್ನು ಓದುವುದು ಆಕೆಯ ಕೆಲಸ, ಮೂಗಿನಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಮೂಗಿನಕ್ಕ ಓದಿ ಸಹಿ ಹಾಕದೆ ಮೂಗಿನ ಯಾವ ಸುದ್ದಿಯೂ ಹೊರಗೆ ಹೋಗಕೂಡದು ಎಂಬುದು ಆರು ದೇಶಗಳೂ ಒಪ್ಪಿದ ನಿಯಮ. ಅವು ತಕರಾರಿಲ್ಲದೆ ಒಪ್ಪಿದ ನಿಯಮ ಅದೊಂದೇ ಇರಬೇಕು. ನೌಕೆಯ ಮೇಲೆ ಯಾರ ಬಾವುಟ ಮೊದಲು ಎಂಬ ಜಗಳಕ್ಕೆ ಹಿಡಿದಷ್ಟು ಕಾಲ ನೌಕೆಯ ಕಾಲು ಕಟ್ಟುವುದಕ್ಕೂ ಹಿಡಿದಿರಲಿಲ್ಲ. ಕೊನೆಗೆ ಬಾವುಟಗಳನ್ನು ದುಂಡಗೆ ಅಂಟಿಸಿ, ಯಾವುದೂ ಮೊದಲಲ್ಲ, ಯಾವುದೂ ಕೊನೆಯಲ್ಲ ಎಂದು ತಿಪ್ಪೆ ಸಾರಿಸಿದ್ದರು.

ನೌಕೆ ವರ್ಷಗಟ್ಟಲೆ ಹಾರಿ ಧೂಮಕೇತುವನ್ನು ಮುಟ್ಟಿತು. ಮೂಗು ಮುಚ್ಚಳ ತೆರೆದು ಮೂಸಿತು. ಬಂದದ್ದು ನಾತ, ಅಪ್ಪಟ ನಾತ. ಕೊಳೆತ ಮೊಟ್ಟೆ, ಕುದುರೆ ಲಾಯದ ಉಚ್ಚೆ, ಹೆಣ ಕೆಡದಂತೆ ಇಡುವ ದ್ರಾವಣ, ಇವೆಲ್ಲದರ ಮೇಲೆ ಕಹಿ ಬಾದಾಮಿಯ ಒಂದು ಎಳೆ. ಆ ದಿನ ಮೂಗಿನಕ್ಕ ಮನೆಗೆ ಬಂದು ಸಂತೋಷ ತಡೆಯಲಾರದೆ ಇದನ್ನೆಲ್ಲ ವರ್ಣಿಸಿದಳು. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಸೊಸೆಯ ಮುಖ ನೋಡಿದರು.

"ಅಷ್ಟು ದೂರ ಹೋಗಿ ಕೊಳೆತ ಮೊಟ್ಟೆ ಮೂಸಿದ್ರಾ? ನಮ್ಮ ಬೀದಿ ಮೋರಿ ಹತ್ರ ನಿಲ್ಸಿದ್ರೆ ಸಾಕಿತ್ತಲ್ಲ."

ಗಂಡ ನಕ್ಕ, ಮಗಳು ನಕ್ಕಳು, ಮೂಗಿನಕ್ಕನೂ ನಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ಆಕೆಗೆ ಆ ನಾತ ಮುದ್ದಾಗಿತ್ತು. ಸೂರ್ಯ ಹುಟ್ಟಿದ ಕಾಲದ ನಾತ ಅದು. ಯಾರೂ ಮುಟ್ಟಿರಲಿಲ್ಲ, ಯಾರೂ ಅದಕ್ಕೆ ಅತ್ತರು ಬಳಿದಿರಲಿಲ್ಲ. ಎಂಜಲಿಗೆ ಹೇಸುವವಳಿಗೆ ಅದರಷ್ಟು ಚೊಕ್ಕಟವಾದದ್ದು ಬೇರೆ ಯಾವುದಿದ್ದೀತು?

ಆದರೆ ನಾತಕ್ಕೆ ಗಿರಾಕಿ ಇಲ್ಲ. ಪತ್ರಿಕೆಗಳು ಒಂದು ದಿನ ಮೂಗು ಮುಚ್ಚಿಕೊಂಡು ತಮಾಷೆ ಮಾಡಿ ಮರೆತವು. ಗುಡ್ಡ ಅಗೆದು ಇಲಿ ಹಿಡಿದರು ಎಂದು ಆರು ದೇಶಗಳಲ್ಲೂ ಆಡಿಕೊಂಡರು. ನೌಕೆಯನ್ನು ಇನ್ನು ಕೆಲಸ ನಿಲ್ಲಿಸಿ ಮಲಗಿಸಿಬಿಡೋಣ ಎಂಬ ಮಾತು ಶುರುವಾಯಿತು. ಅದನ್ನು ತೀರ್ಮಾನಿಸಲು ಆರೂ ದೇಶದವರು ಸೇರುವ ಸಭೆ ಇದೇ ಪ್ರಯೋಗಾಲಯದಲ್ಲಿ ಎಂದು ಗೊತ್ತಾಯಿತು. ಮೂಗಿನಕ್ಕನಿಗೆ ಅನ್ನ ಸೇರದಾಯಿತು. ಧೂಮಕೇತು ಸೂರ್ಯನಿಗೆ ಇನ್ನೂ ಹತ್ತಿರವಾಗಿ, ಅದರ ಒಡಲಾಳದ ವಾಸನೆ ಬಿಚ್ಚಿಕೊಳ್ಳಬೇಕಾದದ್ದು ಮುಂದಿನ ದಿನಗಳಲ್ಲಿ. ಆ ಹೊತ್ತಿಗೆ ಮೂಗೇ ಇಲ್ಲವೆಂದರೆ ಇಷ್ಟು ವರ್ಷ ಕಾದದ್ದು ಯಾತಕ್ಕೆ?

ಅಷ್ಟರಲ್ಲಿ, ಸೂರ್ಯನ ಕಾವು ಏರಿದಂತೆ, ಹೊಸ ಗೆರೆಗಳು ಕಾಣಿಸಿಕೊಂಡವು. ಅಮೈನೋ ಆಮ್ಲಗಳು, ಒಂದಲ್ಲ, ಒಂದು ಹಿಂಡು. ಜೊತೆಗೆ ಯೂರಿಯಾ. ಮೊದಲನೆಯವು ಜೀವಿಗಳ ಮೈ ಕಟ್ಟುವ ಸಾಮಾನು, ಎರಡನೆಯದು ಜೀವಿಗಳ ಮೈಯಿಂದ ಹೊರಬರುವಂಥದ್ದು. ಗುರುಗಳು ಕುರ್ಚಿಯಿಂದ ಎದ್ದೇಬಿಟ್ಟರು. ಜೀವದ ಬೀಜ ಸಿಕ್ಕಿತು ಎಂದರು. ಪ್ರಚಾರ ವಿಭಾಗದ ಯುವಕ, ಸದಾ ಮೈಗೆಲ್ಲ ಎಣ್ಣೆ ಹಚ್ಚಿಕೊಂಡವನಂತೆ ಜಾರುವ ಆಸಾಮಿ, ಅದೇ ಮಾತನ್ನು ಎತ್ತಿಕೊಂಡು ಘೋಷಣೆ ಬರೆದ. ಸಭೆಯ ದಿನವೇ ಘೋಷಣೆ ಎಂದಾಯಿತು. ಮಲಗಿಸುವ ಮಾತಾಡುತ್ತಿದ್ದ ದೇಶಗಳು ರಾತ್ರಿ ಬೆಳಗಾಗುವುದರೊಳಗೆ ನೌಕೆ ನಮ್ಮದು ನಮ್ಮದು ಎನ್ನತೊಡಗಿದವು.

ಮೂಗಿನಕ್ಕನಿಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ನೌಕೆ ತಿರುಗಿ ಮೂಗಿನ ಮುಚ್ಚಳಕ್ಕೆ ಬಿಸಿಲು ಬಿದ್ದಾಗ ಆ ಗೆರೆಗಳು ಏಳುತ್ತಿದ್ದವು. ಮುಚ್ಚಳ ನೆರಳಿಗೆ ಹೋದ ಕೂಡಲೇ ಮಲಗುತ್ತಿದ್ದವು. ಧೂಮಕೇತು ಎರಡೂ ಹೊತ್ತು ಒಂದೇ ಸಮನೆ ಹಬೆಯಾಡುತ್ತಿತ್ತು, ಮೊಟ್ಟೆಯ ನಾತ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಹಾಗಾದರೆ ಆ ಗೆರೆಗಳು ಧೂಮಕೇತುವಿನವೋ, ಮುಚ್ಚಳದವೋ? ಇದನ್ನು ಗುರುಗಳಿಗೆ ಹೇಳಿದಳು. ಆಮೇಲೆ ನೋಡೋಣ, ಮೊದಲು ಸಭೆ ಮುಗಿಯಲಿ, ಎಂದರು. ಹಾಗೆ ಹೇಳುವಾಗ ಆಕೆಯ ಮುಖ ನೋಡಲಿಲ್ಲ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಪ್ರಚಾರದವನು ಎಲ್ಲರನ್ನೂ ಸಭಾಂಗಣಕ್ಕೆ ಕರೆದು, ನಾಳೆ ತೋರಿಸಲಿರುವ ಚಿತ್ರವನ್ನು ಓಡಿಸಿದ. ನೌಕೆ ಹುಟ್ಟಿದ್ದು, ಬೆಳೆದದ್ದು, ಹಾರಿದ್ದು. ನಡುವೆ ಶುದ್ಧಕೋಣೆಯ ದೃಶ್ಯ ಬಂತು. ಆ ಕೋಣೆಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಚೀಲ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿಕೊಂಡು ಹೋಗಬೇಕು. ಸೆಂಟು ಕೂಡದು, ಕ್ರೀಮು ಕೂಡದು, ತಲೆಗೆ ಎಣ್ಣೆ ಕೂಡದು. ಮೂಸುವ ಯಂತ್ರಕ್ಕೆ ಮನುಷ್ಯರ ವಾಸನೆ ಅಂಟಿದರೆ ಅದು ಬ್ರಹ್ಮಾಂಡವನ್ನು ಬಿಟ್ಟು ನಮ್ಮನ್ನೇ ಮೂಸುತ್ತ ಕೂರುತ್ತದೆ. ಚಿತ್ರದಲ್ಲಿ ಮೂಗಿನ ಪೆಟ್ಟಿಗೆಯನ್ನು ಕೊನೆಯ ಸಲ ಮುಚ್ಚುವ ಹೊತ್ತು. ಸುತ್ತ ಬಿಳಿ ಚೀಲದ ಜನ, ನಡುವೆ ಗುರುಗಳು. ಅವರು ಬಗ್ಗಿ ಮುಚ್ಚಳದ ಒಳಅಂಚಿನಲ್ಲಿ ಏನನ್ನೋ ಕಂಡರು, ಒಂದು ದೂಳಿನ ಕಣ ಇದ್ದಿರಬೇಕು. ಕೈಗವಸು ಕಳಚಿದರು. ಬಾಯಿಯ ಬಟ್ಟೆ ಕೆಳಗೆ ಜಗ್ಗಿದರು. ನಾಲಗೆ ಹೊರಗೆ ಬಂತು, ಅಗಲವಾಗಿ, ಆತುರವಿಲ್ಲದೆ. ಹೆಬ್ಬೆರಳು ಅದರ ಮೇಲೆ ಹೊರಳಿತು. ಆಮೇಲೆ, ತಾಯಿ ಮಗುವಿನ ಗಲ್ಲಕ್ಕೆ ಮೆತ್ತಿದ ಹಾಲು ಒರೆಸುವ ಹಾಗೆ, ಆ ಅಂಚನ್ನು ಮೆಲ್ಲಗೆ ಒರೆಸಿದರು.

ಸಭಾಂಗಣದಲ್ಲಿ ಆಹಾ ಎನ್ನುವ ಮೆಚ್ಚುಗೆಯ ದನಿ ಎದ್ದಿತು. ಎಷ್ಟು ಅಕ್ಕರೆ ನೋಡಿ ಎಂದರು ಯಾರೋ. ಪರದೆಯ ಮೇಲೆ ಬಿಳಿ ಚೀಲದ ಜನರೂ ಸುಮ್ಮನೆ ನಿಂತಿದ್ದರು, ಯಾರೂ ಕೈ ಹಿಡಿಯಲಿಲ್ಲ. ಅವರಲ್ಲೊಬ್ಬಳು ಕಣ್ಣು ಬೇರೆ ಕಡೆಗೆ ಹೊರಳಿಸಿದ್ದಳು. ಮೂಗಿನಕ್ಕ ತನ್ನನ್ನು ತಾನೇ ಗುರುತು ಹಿಡಿದಳು. ಅಸಹ್ಯವೆಂದು ನೋಡದೆ ಮುಖ ತಿರುಗಿಸಿದ್ದ ಆ ಕ್ಷಣದಲ್ಲೇ ಎಲ್ಲ ನಡೆದುಹೋಗಿತ್ತು.

 ಎದ್ದು ಓಡಿ ಕೈತೊಟ್ಟಿಯ ಮುಂದೆ ನಿಂತಳು. ಜೀವದ ಬೀಜ! ಆರು ದೇಶಗಳು ಹೊತ್ತು ಮೆರೆಸಲು ಹೊರಟದ್ದು ಗುರುಗಳ ಎಂಜಲು. ಬಾಯಿ ಮುಕ್ಕಳಿಸಿದಷ್ಟೂ ವಾಕರಿಕೆ ಬರುತ್ತಿತ್ತು.

ಮುಖ ಒರೆಸಿಕೊಂಡು ನೆಟ್ಟಗೆ ಗುರುಗಳ ಕೋಣೆಗೆ ಹೋದಳು. ಅವರು ಘೋಷಣೆಯ ಪ್ರತಿಗಳನ್ನು ನಾಳೆಗೆಂದು ಜೋಡಿಸುತ್ತ ಕೂತಿದ್ದರು. ನಾಲಗೆ, ಹೆಬ್ಬೆರಳು, ಹಾಳೆ. ನಾಲಗೆ, ಹೆಬ್ಬೆರಳು, ಹಾಳೆ. ಆಕೆ ಉಗುಳು ನುಂಗಿಕೊಂಡು ಕಂಡದ್ದನ್ನು ಹೇಳಿದಳು. ಚಿತ್ರದ ಮಾತು, ಬಿಸಿಲು ನೆರಳಿನ ಮಾತು, ಎಲ್ಲ. ಅವರು ಬೆಚ್ಚಿಬೀಳುತ್ತಾರೆ, ಅಳುತ್ತಾರೆ, ಇವರನ್ನು ಹೇಗಪ್ಪ ಸಮಾಧಾನ ಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಅವರು ಬೆಚ್ಚಲಿಲ್ಲ.

"ಗೊತ್ತಮ್ಮ," ಎಂದರು. "ಯೂರಿಯಾ ಕಂಡ ದಿನವೇ ಗೊತ್ತಾಯ್ತು, ಎಂಜಲಲ್ಲಿ ಅದು ಇದ್ದೇ ಇರುತ್ತಲ್ಲ. ಆ ಚಿತ್ರಾನ ಎಲ್ಲರಿಗಿಂತ ಮೊದಲು ನೋಡಿದ್ದು ನಾನೇ ಅಲ್ವಾ."

"ಮತ್ತೆ ಅದನ್ನ ಯಾಕೆ ತೆಗೆಸಲಿಲ್ಲ ಸರ್?"

"ತೆಗೆಸೋಣ ಅಂದ್ಕೊಂಡೆ. ಆಮೇಲೆ ಇರಲಿ ಅನ್ನಿಸ್ತು. ಅದರಲ್ಲಿ ಚೆನ್ನಾಗಿ ಬಂದಿದೀನಿ."

ಮೂಗಿನಕ್ಕನಿಗೆ ಎಂಜಲಿನ ಹೇಸಿಗೆ ಏನೇನೂ ಅಲ್ಲವೆನಿಸಿತು. ಎಂಜಲಾದರೋ ನೀರು ಹಾಕಿದರೆ ಹೋಗುತ್ತದೆ. ಈ ಮನುಷ್ಯನನ್ನು ತಂದೆಯ ಜಾಗದಲ್ಲಿ ಇಟ್ಟಿದ್ದಳು. ಆ ಜಾಗವನ್ನು ಈಗ ಎಷ್ಟು ಸಲ ತೊಳೆಯಬೇಕು?

ಗುರುಗಳು ಮೆದುವಾಗಿ, ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಆ ವಸ್ತು ಅಲ್ಲಿ ಇರುವುದು ನಿಜ, ಮೂಗು ಅದನ್ನು ಕಂಡದ್ದು ನಿಜ. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ, ಇದರಲ್ಲಿ ಸುಳ್ಳೆಲ್ಲಿದೆ? ಬೀಜ ಇಲ್ಲದಿದ್ದರೆ ನಾಳೆ ಮೂಗನ್ನು ಮಲಗಿಸುತ್ತಾರೆ. ಆಮೇಲೆ ನಿನ್ನ ಮೊಟ್ಟೆಯ ನಾತವೂ ಇಲ್ಲ, ಲಾಯದ ನಾತವೂ ಇಲ್ಲ. ಯೋಚನೆ ಮಾಡು ಎಂದರು. ಮೂಗಿನ ತುದಿಗೆ ತುಪ್ಪ ಸವರುವುದೆಂದರೆ ಇದೇ. ಅವರು ಹೇಳಿದ್ದರಲ್ಲಿ ಕಡೆಯ ಮಾತು ನಿಜವಾಗಿತ್ತು, ಅದೇ ಆಕೆಗೆ ಬಿಸಿ ತುಪ್ಪವಾಯಿತು. ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ನಾಳೆ ಸಹಿ ಹಾಕು ಎಂದು ಅವರು ಒಂದು ಪ್ರತಿಯನ್ನು ನೆಕ್ಕಿ ತೆಗೆದು ಕೈಗೆ ಕೊಟ್ಟರು. ಆಕೆ ಎಂದಿನಂತೆ ಕೆಳಗಿನ ತುದಿಯಲ್ಲಿ ಹಿಡಿದು ತೆಗೆದುಕೊಂಡಳು. ಬಾಗಿಲು ದಾಟಿದ ಮೇಲೆ ಆ ಹಾಳೆಯನ್ನು ನೋಡಿದಳು. ಮೂಲೆಯ ಒದ್ದೆ ಇನ್ನೂ ಆರಿರಲಿಲ್ಲ.

ಮೂಗಿಗೆ ಒಂದು ಅವಳಿ ಇತ್ತು. ಬಾಹ್ಯಾಕಾಶಕ್ಕೆ ಯಾವ ಯಂತ್ರ ಕಳಿಸಿದರೂ ಅಂಥದ್ದೇ ಇನ್ನೊಂದನ್ನು ನೆಲದ ಮೇಲೆ ಇಟ್ಟುಕೊಳ್ಳುವುದು ಆ ಕಸುಬಿನ ಪದ್ಧತಿ. ಮೇಲಿನದಕ್ಕೆ ಏನಾದರೂ ಆದರೆ ಕೆಳಗಿನದರಲ್ಲಿ ಮಾಡಿ ನೋಡಬಹುದು. ಅವಳಿ ಮೂಗು ಕೆಳಮಹಡಿಯ ಕೋಣೆಯಲ್ಲಿ ಗಂಟೆಯಾಕಾರದ ಗಾಜಿನ ಮುಚ್ಚಳದ ಕೆಳಗೆ ತಣ್ಣಗೆ ಕೂತಿತ್ತು. ಮೂಗಿನಕ್ಕ ಕೈಗವಸು ತೊಟ್ಟು, ಕತ್ತರಿಯಿಂದ ಹಾಳೆಯ ಒದ್ದೆ ಮೂಲೆಯನ್ನು ಕತ್ತರಿಸಿ, ಅದರ ಪೆಟ್ಟಿಗೆಯೊಳಗೆ ಇಟ್ಟಳು. ಕಾಗದದ ಗೆರೆ ಯಾವುದು, ಎಂಜಲಿನ ಗೆರೆ ಯಾವುದು ಎಂದು ಬೇರೆ ಮಾಡಲು ಒಣ ಮೂಲೆಯ ಒಂದು ಚೂರನ್ನೂ ಕತ್ತರಿಸಿಟ್ಟುಕೊಂಡಳು. ಗಾಳಿ ಹೀರಿ ತೆಗೆದು ಬಿಸಿಲಿನಷ್ಟು ಕಾವು ಕೊಟ್ಟಳು. ಪರದೆಯ ಮೇಲೆ ಗೆರೆಗಳು ಎದ್ದವು. ಧೂಮಕೇತುವಿನ ಬಳಿಯಿಂದ ಬಂದದ್ದನ್ನು ಪಕ್ಕದಲ್ಲಿಟ್ಟು ನೋಡಿದಳು. ಅವಳಿ ಮಕ್ಕಳಿಗಿಂತ ಹೆಚ್ಚು ಹೋಲುತ್ತಿದ್ದವು.

ಮರುದಿನ ಆರು ದೇಶದವರು ದುಂಡು ಮೇಜಿನ ಸುತ್ತ ಕೂತರು. ಮೇಜೂ ದುಂಡಗೇ, ಬಾವುಟದ ಜಗಳದ ನೆನಪಿಗೆ. ಪ್ರತಿಯೊಬ್ಬರ ಮುಂದೆ ಗುರುಗಳು ಸ್ವತಃ ಜೋಡಿಸಿದ್ದ ಘೋಷಣೆಯ ಪ್ರತಿ ಇತ್ತು. ಚಿತ್ರ ಓಡಿತು, ಹೆಬ್ಬೆರಳಿನ ದೃಶ್ಯಕ್ಕೆ ಚಪ್ಪಾಳೆ ಬಿತ್ತು. ಗುರುಗಳು ತಲೆ ತಗ್ಗಿಸಿ ನಕ್ಕರು. ಆಮೇಲೆ ಮೂಗನ್ನು ಓದಿದವರು ಎರಡು ಮಾತಾಡಲಿ ಎಂದರು.

ಮೂಗಿನಕ್ಕ ಪರದೆಯ ಮೇಲೆ ಎರಡು ಚಿತ್ರ ಹಾಕಿದಳು. ಎರಡರಲ್ಲೂ ಅವೇ ಗೆರೆಗಳು. ಇವುಗಳಲ್ಲಿ ಧೂಮಕೇತುವಿನ ಬಳಿಯದು ಯಾವುದು ಹೇಳಿ ಎಂದು ಕೇಳಿದಳು. ಜನರಿಗೆ ಆಟ ಇಷ್ಟವಾಯಿತು. ಆಂಟೆನಾ ಕೊಟ್ಟ ದೇಶದ ನಿರ್ದೇಶಕಿ ಕನ್ನಡಕ ಏರಿಸಿ, ಬಲಗಡೆಯದು, ಅದು ಹೆಚ್ಚು ಶುದ್ಧವಾಗಿ ಕಾಣುತ್ತದೆ, ಎಂದರು. ಎಂಜಿನ್ ದೇಶದವನೂ ತಲೆಯಾಡಿಸಿದ. ಗುರುಗಳ ನಗು ಮಾತ್ರ ಅಲ್ಲೇ ನಿಂತಿತ್ತು.

"ಬಲಗಡೆಯದು ನಿನ್ನೆ ಮಧ್ಯಾಹ್ನ ಗುರುಗಳು ನನಗೆ ಕೊಟ್ಟ ಹಾಳೆದು," ಎಂದಳು ಮೂಗಿನಕ್ಕ. "ಅದರ ಮೂಲೆಯಲ್ಲಿದ್ದ ಎಂಜಲು. ಎಡಗಡೆಯದೂ ಅವರದೇ, ಮುಚ್ಚಳದ ಮೇಲಿನದು. ಈಗ ಚಿತ್ರದಲ್ಲಿ ನೋಡಿದ್ರಲ್ಲ."

 ನಿರ್ದೇಶಕಿ ತಮ್ಮ ಕೈಯಲ್ಲಿದ್ದ ಪ್ರತಿಯನ್ನು ನೋಡಿದರು. ಮೂಲೆ ಸುಕ್ಕಾಗಿತ್ತು. ಮೆಲ್ಲಗೆ ಕೆಳಗಿಟ್ಟು, ಕರವಸ್ತ್ರ ಸಿಗದೆ, ಬೆರಳುಗಳನ್ನು ಕುರ್ಚಿಯ ಬಟ್ಟೆಗೆ ಒರೆಸಿದರು. ಮೇಜಿನ ಸುತ್ತ ಪ್ರತಿಗಳು ಒಂದೊಂದಾಗಿ ಕೆಳಗಿಳಿದವು. ಕ್ಯಾಮೆರಾ ದೇಶದವನು, ಈಗ ತಾನೇ ಹಾಳೆ ತಿರುಗಿಸಿ ಬಾಯಿಗೆ ಬಿಸ್ಕತ್ತು ಹಾಕಿಕೊಂಡವನು, ಅಗಿಯುವುದನ್ನು ನಿಲ್ಲಿಸಿದ.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಳು ಮೂಗಿನಕ್ಕ. ಬೈಯುತ್ತಾರೆ, ನೌಕೆ ಮಲಗಿಸುತ್ತಾರೆ, ಮನೆಗೆ ಹೋಗಿ ಮಲಗಬಹುದು. ಆದರೆ ಮನುಷ್ಯರ ನಾಚಿಕೆಗೆ ಆಯಸ್ಸು ಬಹಳ ಕಡಿಮೆ. ಪ್ರಚಾರದವನು ಗಂಟಲು ಸರಿಮಾಡಿಕೊಂಡು, ಇದು ಇನ್ನೂ ಚೆನ್ನಾಗಿದೆ, ಎಂದ. ಧೂಮಕೇತುವಿನಿಂದ ಜೀವ ಭೂಮಿಗೆ ಬಂತೆಂದು ಎಲ್ಲರೂ ಹೇಳುತ್ತಾರೆ. ನಾವು ಭೂಮಿಯಿಂದ ಧೂಮಕೇತುವಿಗೆ ಜೀವದ ಬೀಜ ಕೊಂಡೊಯ್ದೆವು. ಮಾನವನ ಮೊದಲ ಸ್ಪರ್ಶ. ಎಂಜಲು ಎಂಬ ಪದವನ್ನು ಬಳಸದಿದ್ದರಾಯಿತು. ಚಿತ್ರ ಹೇಗೂ ಸಿದ್ಧವಿದೆ.

ಮುಖಗಳು ಒಂದೊಂದಾಗಿ ಅರಳಿದವು. ಎಂಜಿನ್ ದೇಶದವನು, ಆ ಬೆರಳನ್ನು ಅಲ್ಲಿಗೆ ತಲುಪಿಸಿದ್ದು ನಮ್ಮ ಎಂಜಿನ್ ಎಂಬುದು ಘೋಷಣೆಯಲ್ಲಿ ಬರಬೇಕು ಎಂದ. ಆಂಟೆನಾದ ನಿರ್ದೇಶಕಿ, ಸುದ್ದಿ ತಂದದ್ದು ನಮ್ಮ ಆಂಟೆನಾ ಎಂದರು. ಎಂಜಲಲ್ಲೂ ಪಾಲು ಕೇಳುತ್ತಿದ್ದರು. ಒಬ್ಬರೂ ಗುರುಗಳನ್ನು, ಗೊತ್ತಿದ್ದೂ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಮೂಗಿನಕ್ಕ ಆ ಮುಖಗಳನ್ನು ನೋಡುತ್ತ ನಿಂತಳು. ಆ ಕೋಣೆಯಲ್ಲಿ ಮೂಗಿನ ಮುಚ್ಚಳ ತೆರೆದಿಟ್ಟರೆ ಏನು ಗೆರೆ ಏಳುತ್ತಿತ್ತೋ ಎನ್ನಿಸಿತು.

ಹೊಸ ಘೋಷಣೆ ಅಚ್ಚಾಗಿ ಬಂತು. ಗುರುಗಳ ಮುಖಕ್ಕೆ ಕಳೆ ಮರಳಿತ್ತು. ಆಕೆಯ ಮೇಲೆ ಕೋಪವೂ ಇದ್ದಂತಿರಲಿಲ್ಲ. ಎಲ್ಲ ಒಳ್ಳೆಯದೇ ಆಯಿತು ಎನ್ನುವ ಹಾಗೆ ಆಕೆಯತ್ತ ನೋಡಿ ನಕ್ಕು, ಪ್ರತಿಗಳ ಕಟ್ಟನ್ನು ಎತ್ತಿಕೊಂಡರು. ನಾಲಗೆ ಹೊರಗೆ ಬಂತು. ಹೆಬ್ಬೆರಳು ಅದರ ಮೇಲೆ ಹೊರಳಿತು. ಮೇಲಿನ ಹಾಳೆಯನ್ನು ತೆಗೆದು, ಪೆನ್ನಿನ ಸಮೇತ, ಆಕೆಯ ಮುಂದೆ ಹಿಡಿದರು. ಆರು ದೇಶಗಳು ಕಾಯುತ್ತಿದ್ದವು.

ಮೂಗಿನಕ್ಕ ಕೈ ಚಾಚಲಿಲ್ಲ. ಈ ಸಲ ಮುಖವನ್ನೂ ತಿರುಗಿಸಲಿಲ್ಲ.

"ಸರ್," ಎಂದಳು, "ಮೊದಲು ಹೋಗಿ ಕೈ ತೊಳ್ಕೊಂಡು ಬನ್ನಿ."

ದನಿ ಏರಿರಲಿಲ್ಲ. ಊಟಕ್ಕೆ ಕೂತ ಮಗಳಿಗೆ ದಿನವೂ ಹೇಳುವ ಮಾತು, ಅದೇ ದನಿ. ಇಷ್ಟು ವರ್ಷ ಆ ಕಟ್ಟಡದಲ್ಲಿ ಒಬ್ಬರ ಬಾಯಲ್ಲೂ ಬರದಿದ್ದ ಮಾತು. ಗುರುಗಳು ಏನೋ ಹೇಳಹೊರಟು ನಿಲ್ಲಿಸಿದರು. ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಯಾರಾದರೂ ತಮ್ಮ ಪರವಾಗಿ ನಗುತ್ತಾರೇನೋ ಎಂದು ಮೇಜಿನ ಸುತ್ತ ನೋಡಿದರು. ಎಲ್ಲರ ಕಣ್ಣೂ ಆ ಹೆಬ್ಬೆರಳಿನ ಮೇಲೆಯೇ ಇತ್ತು, ಒಬ್ಬೊಬ್ಬರ ಮುಖವೂ ಹುಳಿ ತಿಂದ ಹಾಗೆ ಕಿವುಚಿಕೊಂಡಿತ್ತು. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು.

ಮೂಗಿನಕ್ಕ ತನ್ನ ಚೀಲದಿಂದ ಒಂದು ಒಣ ಹಾಳೆ ತೆಗೆದಳು. ನಿಂತಲ್ಲೇ ಬರೆದಳು: ಮೂಗು ಧೂಮಕೇತುವಿನ ಬಳಿ ಕಂಡದ್ದು ಕೊಳೆತ ಮೊಟ್ಟೆಯ ವಾಸನೆ, ಲಾಯದ ಉಚ್ಚೆಯ ವಾಸನೆ, ಹೆಣ ಕೆಡದಂತೆ ಇಡುವ ದ್ರಾವಣದ ವಾಸನೆ, ಕಹಿ ಬಾದಾಮಿಯ ವಾಸನೆ. ಉಳಿದದ್ದು ನಾವು ಇಲ್ಲಿಂದ ಹೊತ್ತುಕೊಂಡು ಹೋದ ಕೊಳೆ. ಅದರ ಕೆಳಗೆ ಸಹಿ ಹಾಕಿ ಮೇಜಿನ ನಡುವೆ ಇಟ್ಟು, ಇದಕ್ಕೆ ಮಾತ್ರ ನನ್ನ ಸಹಿ ಎಂದಳು. ಹಾಗಾದರೆ ನೌಕೆಯನ್ನು ಮಲಗಿಸಬೇಕಾಗುತ್ತದೆ ಎಂದ ಎಂಜಿನ್ ದೇಶದವನು. ಮಲಗಿಸಿ ಎಂದಳು. ಹೇಳಿದ ಮೇಲೆ, ಮುಂದೆಂದೂ ತಾನು ಓದಲಾಗದ ಆ ಒಡಲಾಳದ ನಾತವನ್ನು ನೆನೆದಳು.

ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ.